ಗೊಂಬೆಯ ಕಡ್ಡಿ ನೋಡುಗರ ಕೈಗೆ

ಚಿಕ್ಕಬಳ್ಳಾಪುರದ ಪಕ್ಕದ ಆವಲಗುರ್ಕಿಯಲ್ಲಿ ಹೊತ್ತು ಮುಳುಗಿ, ಸುತ್ತಲಿನ ಬೆಟ್ಟಗಳು ಕಪ್ಪಗಾಗುವ ವೇಳೆಗೆ ಜನ ಬಯಲಲ್ಲಿ ಸಾಲಾಗಿ ಕೂತಿರುತ್ತಾರೆ. ಎದುರಿಗೆ 112 ಅಡಿ ಎತ್ತರದ ಆದಿಯೋಗಿ ಮೂರ್ತಿ. ದೀಪಗಳು ಆರುತ್ತವೆ, ಗದ್ದಲ ಅಡಗುತ್ತದೆ, ಮೂರ್ತಿಯ ಮುಖದ ಮೇಲೆ ಬೆಳಕು ಹರಿಯತೊಡಗುತ್ತದೆ. ಹಗಲೆಲ್ಲ ಒಂದೇ ಬಣ್ಣದಲ್ಲಿ ನಿಂತಿದ್ದ ಲೋಹದ ಮುಖ ಈಗ ಕ್ಷಣಕ್ಕೊಂದು ಬಣ್ಣ ತಾಳುತ್ತದೆ. ಅಪ್ಪನ ಹೆಗಲೇರಿದ ಮಗು ಬಾಯಿ ಬಿಟ್ಟು ನೋಡುತ್ತದೆ. ಅಪ್ಪ ಮೊಬೈಲ್ ಎತ್ತಿ ಹಿಡಿದು, ಅದೇ ಮುಖವನ್ನು ಅಂಗೈಯಗಲದ ಇನ್ನೊಂದು ಪರದೆಯಲ್ಲಿ ನೋಡುತ್ತಾನೆ.

2023ರ ಜನವರಿ 15ರಂದು, ಸಂಕ್ರಾಂತಿಯ ದಿನ, ಈ ಮೂರ್ತಿ ಅನಾವರಣಗೊಂಡಿತು. ಅದರ ಮೇಲಿನ ಬೆಳಕು–ಧ್ವನಿಯ ಪ್ರದರ್ಶನ ನೋಡಲು ಈಗ ಬೆಂಗಳೂರಿನಿಂದಲೂ ಜನ ಬರುತ್ತಾರೆ. ಇದರ ಹಿಂದಿನ ಕೈಚಳಕ ತಿಳಿದುಕೊಳ್ಳುವಂಥದ್ದು. ಬಟ್ಟೆಯ ಪರದೆ ಸಪಾಟಾಗಿರುತ್ತದೆ, ಮುಖ ಹಾಗಿರುವುದಿಲ್ಲ. ಹಣೆಯ ಉಬ್ಬು, ಕಣ್ಣಿನ ಗುಳಿ, ಮೂಗಿನ ಏಣು, ಎಲ್ಲದರ ಅಳತೆಯೂ ಕಂಪ್ಯೂಟರಿಗೆ ಗೊತ್ತಿರಬೇಕು. ಆ ಅಳತೆಗೆ ತಕ್ಕಂತೆ ಚಿತ್ರವನ್ನು ಮೊದಲೇ ಸೊಟ್ಟಗೆ ಮಾಡಿಟ್ಟುಕೊಳ್ಳುತ್ತಾರೆ. ಉಬ್ಬುತಗ್ಗಿನ ಮೇಲೆ ಬಿದ್ದಾಗ ಅದು ನೆಟ್ಟಗೆ ಕಾಣುತ್ತದೆ. ಪ್ರೊಜೆಕ್ಷನ್ ಮ್ಯಾಪಿಂಗ್ ಎನ್ನುವುದು ಇದನ್ನೇ. ಯಾವ ವಸ್ತುವನ್ನಾದರೂ ಪರದೆಯನ್ನಾಗಿ ಮಾಡುವ ವಿದ್ಯೆ ಇದು.

ಆದರೆ ಬಯಲಲ್ಲಿ ಕೂತವರಲ್ಲಿ ಒಬ್ಬರಿಗೂ ಆ ಬೆಳಕನ್ನು ಒಂದು ಗೇಣು ಆಚೀಚೆ ಸರಿಸಲು ಆಗುವುದಿಲ್ಲ. ನೋಡುವುದಷ್ಟೇ ಅವರ ಪಾಲು. ಸಿನಿಮಾ, ಟಿವಿ, ಕಟ್ಟಡಗಳ ನೆತ್ತಿಯ ಜಾಹೀರಾತು ಫಲಕ ಎಲ್ಲವೂ ಇದೇ ಜಾತಿಯವು. ನೋಡುವವರನ್ನು ಪರದೆಯೊಳಕ್ಕೆ ಕರೆದುಕೊಂಡು, ಅಲ್ಲಿನ ಲೋಕದಲ್ಲಿ ಓಡಾಡಲು ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕಲಾವಿದರು ಕೈಗೆತ್ತಿಕೊಂಡು ಕೆಲವು ದಶಕಗಳಾದವು. ಅದಕ್ಕೆ ಅವರು ಆರಿಸಿಕೊಂಡ ದಾರಿಗಳಲ್ಲಿ ವಿಡಿಯೊ ಗೇಮ್ ಮುಖ್ಯವಾದದ್ದು. ಮಕ್ಕಳ ಕೈಯಿಂದ ಕಸಿದು ಬೀರುವಿನಲ್ಲಿಡುವ ವಸ್ತು ಎಂದು ನಾವು ತಿಳಿದಿರುವ ಆಟ ಈಗ ಗ್ಯಾಲರಿ, ಮ್ಯೂಸಿಯಂಗಳಲ್ಲಿ ಚಿತ್ರ–ಶಿಲ್ಪಗಳ ಪಕ್ಕದಲ್ಲಿ ಕೂತಿದೆ. ಇದು ದೂರದ ನ್ಯೂಯಾರ್ಕಿನ ಸುದ್ದಿ ಮಾತ್ರವೆಂದು ತಿಳಿದರೆ ನಮ್ಮ ಸೀಮೆಯನ್ನೇ ಮರೆತಂತೆ.

ಗೌರಿಬಿದನೂರಿನಿಂದ ಹಿಂದೂಪುರ ದಾಟಿ ಧರ್ಮಾವರದ ಕಡೆ ಹೋದರೆ ಆಂಧ್ರದ ನಿಮ್ಮಲಕುಂಟ ಎಂಬ ಊರು ಸಿಗುತ್ತದೆ. ತೊಗಲು ಗೊಂಬೆ ಆಡಿಸುವ ಕುಟುಂಬಗಳ ಊರು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ನಮ್ಮ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರ ಪದ್ಮಶ್ರೀ. ತೊಗಲು ಗೊಂಬೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಜಾಣ್ಮೆ ತಿಳಿಯುತ್ತದೆ. ಬೆಳಕು ಆಚೆಯಿಂದ ಈಚೆಗೆ ಬರುವಷ್ಟು ತೆಳ್ಳಗೆ ಚರ್ಮವನ್ನು ಹೆರೆದಿರುತ್ತಾರೆ. ಒಡವೆ ಇರಬೇಕಾದ ಕಡೆ ಸಾಲಾಗಿ ಸಣ್ಣ ತೂತು. ಗೊಂಬೆಯನ್ನು ಬಿಳಿ ಬಟ್ಟೆಗೆ ಒತ್ತಿ ಹಿಡಿದರೆ ಗೆರೆ ಚೂಪು. ದೀಪದ ಕಡೆಗೆ ಹಿಂದಕ್ಕೆ ಎಳೆದರೆ ರಾವಣ ಬೆಳೆಯುತ್ತಾ ಮಸುಕಾಗುತ್ತಾ ಹೋಗುತ್ತಾನೆ. ಹತ್ತಿರ–ದೂರ, ದೊಡ್ಡದು–ಸಣ್ಣದು ಎಂಬ ಇಡೀ ಜಾಗದ ಲೆಕ್ಕವನ್ನು ಒಂದು ದೀಪ, ಒಂದು ಬಟ್ಟೆ, ಒಂದು ಕಡ್ಡಿಯಲ್ಲಿ ಮುಗಿಸಿದ ಕಲೆ ಇದು.

ಆಟ ನಡೆಯುವಾಗ ಮಕ್ಕಳಿಗೆಲ್ಲ ಪರದೆಯ ಹಿಂದಕ್ಕೆ ಇಣುಕುವ ಆಸೆ. ಕಡ್ಡಿ ಹಿಡಿದ ಕೈ ಯಾರದು, ನಗೆಗೊಂಬೆಗಳಾದ ಕಿಳ್ಳೇಕ್ಯಾತನನ್ನೂ ಬಂಗಾರಕ್ಕನನ್ನೂ ಜಗಳವಾಡಿಸುವ ದನಿ ಯಾರದು ಎಂದು ನೋಡುವ ಆಸೆ. ವಿಡಿಯೊ ಗೇಮ್ ಮಾಡಿದ ದೊಡ್ಡ ಕೆಲಸ ಇಷ್ಟೇ: ಗೊಂಬೆಯ ಕಡ್ಡಿಯನ್ನು ಪರದೆಯ ಮುಂದೆ ಕೂತವರ ಕೈಗೆ ಕೊಟ್ಟಿತು. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಸ್ಪೇಸ್‌ವಾರ್’ ಎಂಬ ಆಟ ಹುಟ್ಟಿದಾಗ ಪರದೆಯ ಮೇಲೆ ಓಡಾಡಿದ್ದು ಬೆಳಕಿನ ಗೆರೆಗಳಲ್ಲಿ ಬಿಡಿಸಿದ ಎರಡು ಸಣ್ಣ ನೌಕೆಗಳು. ಅವು ನಾವು ಹೇಳಿದಂತೆ ಕೇಳುತ್ತವೆ ಎಂಬುದೇ ಅಂದಿನ ಬೆರಗು. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ತಂದ ‘ರಾಜಿ’ ಆಟ ಕಥೆಯ ಹಿನ್ನೆಲೆ ಹೇಳಲು ತೊಗಲು ಗೊಂಬೆಯಾಟದ ರೀತಿಯನ್ನೇ ಬಳಸಿಕೊಂಡಿತು. ಬಳ್ಳಿ ಬೇರಿಗೆ ತಗುಲಿದಂತೆ.

ಪರದೆಯ ಮೇಲಿನ ಚಿತ್ರ ನಿಜಕ್ಕೂ ಏನು ಎಂಬುದನ್ನು ಶಿಡ್ಲಘಟ್ಟದವರಿಗೆ ವಿವರಿಸುವುದು ಸುಲಭ. ಅಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್ ಒಂದು ಹಿಡಿ ಗೂಡನ್ನು ಕೈಯಲ್ಲಿ ಎತ್ತಿ, ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡುತ್ತಾನೆ. ಆಮೇಲೆ ಮೊಬೈಲ್ ತೆಗೆದು ಇ-ಹರಾಜಿನಲ್ಲಿ ದರ ಒತ್ತುತ್ತಾನೆ. ಬೆರಳು ಮೊದಲು ಎಳೆಯನ್ನು ಮುಟ್ಟುತ್ತದೆ, ಮರುಕ್ಷಣ ಗಾಜನ್ನು. ಒಂದು ಒಳ್ಳೆಯ ಗೂಡಿನಿಂದ ಸಾವಿರ ಮೀಟರಿನ ಆಸುಪಾಸು ಎಳೆ ಬಿಚ್ಚಬಹುದು. ಆ ಎಳೆ ಮುಂದೆ ಮಗ್ಗಕ್ಕೆ ಹೋಗಿ ಸೀರೆಯ ಅಂಚಿನ ನವಿಲಾಗುವುದು ಹೇಗೆ? ಹಾಸಿನ ಎಳೆ ಮೇಲಿದೆಯೇ, ಹೊಕ್ಕಿನ ಕೆಳಗಿದೆಯೇ ಎಂಬ ಒಂದೇ ಪ್ರಶ್ನೆಯನ್ನು ಸಾವಿರಾರು ಸಲ ಕೇಳಿ, ಪ್ರತಿ ಸಲವೂ ಹೌದು ಇಲ್ಲವೇ ಅಲ್ಲ ಎಂದು ಉತ್ತರಿಸಿದಾಗ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಈ ಉತ್ತರಗಳನ್ನು ರಟ್ಟಿನ ಕಾರ್ಡಿನ ತೂತುಗಳಲ್ಲಿ ಬರೆದಿಟ್ಟ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅದೇ ಕಾರ್ಡನ್ನು ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಕಂಪ್ಯೂಟರಿನ ಪೂರ್ವಜರಲ್ಲಿ ರೇಷ್ಮೆಯ ಮಗ್ಗವೂ ಒಂದು.

ಪರದೆಯ ಪಿಕ್ಸೆಲ್ ಎಂದರೆ ಇಂಥ ಒಂದು ಹಾಸುಹೊಕ್ಕಿನ ಗಂಟು. ಮನೆ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಹೆಣ್ಣುಮಕ್ಕಳಿಗೂ ಈ ಲೆಕ್ಕ ಗೊತ್ತು. 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು ತಮಿಳರ ರಂಗೋಲಿಯಾದ ಕೋಲಂನ ಚುಕ್ಕಿಗಳನ್ನೇ ಇಟ್ಟುಕೊಂಡು ಕಂಪ್ಯೂಟರ್ ವಿಜ್ಞಾನದ ಚಿತ್ರ–ವ್ಯಾಕರಣವನ್ನು ಬೆಳೆಸಿದರು. ಸೀರೆಗೂ ಪರದೆಗೂ ವ್ಯತ್ಯಾಸ ಒಂದೇ. ಸೀರೆಯ ನವಿಲು ಒಮ್ಮೆ ನೆಯ್ದರೆ ಮುಗಿಯಿತು. ಪರದೆಯ ನವಿಲನ್ನು ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ನೇಯಬೇಕು. ಹಾಗಾಗಿಯೇ ಆಡುವವರು ಎಡಕ್ಕೆ ತಿರುಗಿದರೆ ಅದಕ್ಕೆ ತಕ್ಕ ನೇಯ್ಗೆ, ಬಲಕ್ಕೆ ತಿರುಗಿದರೆ ಬೇರೆಯೇ ನೇಯ್ಗೆ ಸಾಧ್ಯ.

ಪರದೆಯ ಚಿತ್ರವೆಂದರೆ ಲೆಕ್ಕ ಎಂಬುದಕ್ಕೆ ಗೌರಿಬಿದನೂರಿನಲ್ಲಿ ಇನ್ನೊಂದು ಸಾಕ್ಷಿ ಇದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಅಲ್ಲಿ ನಿಲ್ಲಿಸಿದ ರೇಡಿಯೊ ದೂರದರ್ಶಕ ಇಂಗ್ಲಿಷಿನ ‘ಟಿ’ ಆಕಾರದಲ್ಲಿ ಹರಡಿದ ಸಾವಿರ ಆಂಟೆನಾಗಳ ಸಾಲು. ಅದಕ್ಕೆ ಮಸೂರವಿಲ್ಲ, ಕನ್ನಡಿಯಿಲ್ಲ. ಆಕಾಶದಿಂದ ಬಂದ ಅಲೆಗಳನ್ನು ಅಂಕಿಗಳಾಗಿ ಬರೆದುಕೊಂಡು, ಆ ಅಂಕಿಗಳಿಂದ ಆಕಾಶದ ನಕ್ಷೆ ಬಿಡಿಸುತ್ತಾರೆ. ಕಣ್ಣು ಎಂದೂ ಕಾಣದ್ದನ್ನು ಲೆಕ್ಕ ಕಾಣಿಸುತ್ತದೆ. ಡಿಜಿಟಲ್ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲಿ ಸಿಗುತ್ತದೆ?

ಚಿತ್ರದ ಮಾತಾಯಿತು. ಇನ್ನು ಆಟದೊಳಗಿನ ಜಾಗ. ಇದೇ ಈ ಕಲೆಯ ಜೀವಾಳ.

ಜಗಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಐದು ಸಾಲು ಐದು ಮನೆ ಗೀಚಿದರೆ ಚೌಕಾಬಾರದ ಲೋಕ ಸಿದ್ಧ. ನಾಲ್ಕು ಕವಡೆ, ನಾಲ್ಕಾರು ಬಳೆಚೂರು. ಗೀಚುವ ಮುಂಚೆ ಅದು ಬರೀ ಸಿಮೆಂಟು ನೆಲ. ಗೀಚಿದ ಮೇಲೆ ಅಲ್ಲಿ ಕಟ್ಟೆ ಮನೆ ಇದೆ, ಕಡಿಸಿಕೊಳ್ಳುವ ಭಯ ಇದೆ, ಹೊರಸುತ್ತು ಒಳಸುತ್ತು ಇದೆ, ನಡುಮನೆ ಸೇರಿ ಕಾಯಿ ಹಣ್ಣಾಗುವ ಸುಖ ಇದೆ. ನಿಯಮವೇ ಅಲ್ಲಿ ಗೋಡೆ, ನಿಯಮವೇ ಬಾಗಿಲು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಲೋಕಗಳನ್ನು ಕಟ್ಟುವುದರಲ್ಲಿ ಎಷ್ಟು ಮುಳುಗಿದ್ದರೆಂದರೆ ಹೊಸ ಹೊಸ ಮಣೆಯಾಟಗಳನ್ನೇ ರಚಿಸಿದರು. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಹೆಣೆದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಯಾಟಗಳನ್ನು ಹುಡುಕಿ, ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ, ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಪ್ರದರ್ಶನ ನಡೆಸುತ್ತಾ ಬಂದಿದೆ. ಅಲ್ಲಿ ಆಟದ ಮಣೆಯನ್ನು ಕಲಾಕೃತಿಯಾಗಿ ನೋಡುವ ಕಣ್ಣು ಮೊದಲಿನಿಂದಲೂ ಇದೆ.

ವಿಡಿಯೊ ಗೇಮಿನ ಜಾಗವೂ ನಿಯಮದಿಂದಲೇ ಕಟ್ಟಿದ್ದು. ಜರ್ಮನಿಯ ಹರೂನ್ ಫರೋಕಿ ಇದನ್ನು ಬಿಡಿಸಿ ತೋರಿಸಿದ ಕಲಾವಿದ. 2012ರಿಂದ 2014ರ ನಡುವೆ ಅವರು ಮಾಡಿದ ‘ಪ್ಯಾರಲಲ್’ ಎಂಬ ನಾಲ್ಕು ಭಾಗದ ವಿಡಿಯೊ ಕೃತಿಯಲ್ಲಿ ಕಥೆಯಿಲ್ಲ. ಆಟಗಳೊಳಗಿನ ಮರ, ನೀರು, ಮೋಡ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾದವು ಎಂಬುದನ್ನು ಅದು ಸಾವಧಾನದಿಂದ ನೋಡುತ್ತದೆ. ಆಮೇಲೆ ಅವರ ಕಣ್ಣು ಆ ಲೋಕದ ಅಂಚಿಗೆ ಹೋಗುತ್ತದೆ. ಆಟದ ಪಾತ್ರ ನಡೆಯುತ್ತಾ ನಡೆಯುತ್ತಾ ಒಂದು ಕಡೆ ಮುಂದಕ್ಕೆ ಹೋಗಲಾರದೆ ನಿಲ್ಲುತ್ತದೆ. ಎದುರಿಗೆ ಬೆಟ್ಟ ಕಾಣುತ್ತದೆ, ಹೋಗಲು ಮಾತ್ರ ಬಿಡುವುದಿಲ್ಲ. ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಹೋಗಕೂಡದು ಎಂದು ಯಾರೋ ಮೊದಲೇ ತೀರ್ಮಾನಿಸಿದ್ದಾರೆ. ಆಟ ಆಡುವ ಸಾವಿರ ಜನರಿಗೆ ಹೊಳೆಯದ ಪ್ರಶ್ನೆಯನ್ನು ಒಬ್ಬ ಕಲಾವಿದ ಕೇಳುವುದು ಹೀಗೆ.

ಅಮೆರಿಕದ ಕೋರಿ ಆರ್ಕೇಂಜಲ್ 2002ರಲ್ಲಿ ಇನ್ನೊಂದು ದಾರಿ ಹಿಡಿದರು. ತೊಂಬತ್ತರ ದಶಕದಲ್ಲಿ ಟಿವಿಗೆ ಕ್ಯಾಸೆಟ್ ಸಿಕ್ಕಿಸಿ ಮಾರಿಯೊ ಆಡಿದವರು ನಮ್ಮ ಸಣ್ಣ ಊರುಗಳಲ್ಲೂ ಬೇಕಾದಷ್ಟು ಜನ ಇದ್ದಾರೆ. ಅದೇ ಕ್ಯಾಸೆಟ್ಟಿನೊಳಗಿನ ಚಿಪ್ ಬದಲಿಸಿ ಆರ್ಕೇಂಜಲ್ ಆಟದಲ್ಲಿದ್ದ ಎಲ್ಲವನ್ನೂ ಅಳಿಸಿಬಿಟ್ಟರು. ಇಟ್ಟಿಗೆ ಇಲ್ಲ, ಆಮೆ ಇಲ್ಲ, ಮಾರಿಯೊನೂ ಇಲ್ಲ. ನೀಲಿ ಆಕಾಶದಲ್ಲಿ ಬಿಳಿ ಮೋಡ ಮಾತ್ರ ತೇಲುತ್ತಿರುತ್ತದೆ. ಅಷ್ಟು ವರ್ಷ ಆಡಿದರೂ ತಲೆಯೆತ್ತಿ ನೋಡದ ಮೋಡ.

ಚೀನಾದ ಫೆಂಗ್ ಮೆಂಗ್‌ಬೊ 2008ರಲ್ಲಿ ಮಾಡಿದ ‘ಲಾಂಗ್ ಮಾರ್ಚ್: ರೀಸ್ಟಾರ್ಟ್’ ಎಂಬ ಆಟದಲ್ಲಿ ಕೆಂಪು ಸೇನೆಯ ಸೈನಿಕ ಕೋಕಾ-ಕೋಲಾ ಡಬ್ಬಿಗಳನ್ನು ಎಸೆಯುತ್ತಾ ಓಡುತ್ತಾನೆ. ಪರದೆ ಕೋಣೆಯ ಉದ್ದಕ್ಕೂ ಹಬ್ಬಿದೆ. ಸೈನಿಕನ ಜೊತೆ ಆಡುವವರೂ ಓಡಬೇಕು. ಇದನ್ನು ಕೇಳಿದಾಗ ಗೌರಿಬಿದನೂರಿನವರಿಗೆ ಹತ್ತಿರದ ಲೇಪಾಕ್ಷಿ ನೆನಪಾಗಬೇಕು. ವಿಜಯನಗರ ಕಾಲದಲ್ಲಿ, 16ನೇ ಶತಮಾನದಲ್ಲಿ, ವಿರೂಪಣ್ಣ–ವೀರಣ್ಣ ಸೋದರರು ಕಟ್ಟಿಸಿದ ಆ ಗುಡಿಯ ಮಂಟಪದ ಚಾವಣಿಯಲ್ಲಿ ಚಿತ್ರಗಳು ಉದ್ದನೆಯ ಪಟ್ಟಿಗಳಲ್ಲಿ ಸಾಗುತ್ತವೆ. ಕಿರಾತಾರ್ಜುನೀಯದ ಕಥೆ ಪೂರ್ತಿ ಕಾಣಬೇಕಾದರೆ ನಿಂತಲ್ಲೇ ನಿಂತರೆ ಆಗುವುದಿಲ್ಲ. ಕತ್ತು ಎತ್ತಿ, ಹೆಜ್ಜೆ ಹಾಕುತ್ತಾ ಹೋಗಬೇಕು. ಅಲ್ಲಿ ಕಥೆ ನೋಡುವವರ ಕಾಲಿನ ವೇಗಕ್ಕೆ ಬಿಚ್ಚಿಕೊಳ್ಳುತ್ತದೆ. ಪಕ್ಕಕ್ಕೆ ಸರಿಯುತ್ತಾ ಹೋಗುವ ಮಾರಿಯೊ ಆಟದ ಮೂಲ ಸೂತ್ರವೂ ಅದೇ. ಹಾಗೆಂದು ಎರಡೂ ಒಂದೇ ಎನ್ನಲಾಗದು. ಲೇಪಾಕ್ಷಿಯ ಅರ್ಜುನನ ಬಿಲ್ಲು ನಮ್ಮ ಕೈಗೆ ಸಿಗುವುದಿಲ್ಲ.

ಕರ್ನಾಟಕದಲ್ಲಿ ಈ ಬಗೆಯ ನಡೆದಾಟದ ಚಿತ್ರಜಾಗಕ್ಕೆ ಒಳ್ಳೆಯ ಉದಾಹರಣೆ ಬಳ್ಳಾರಿ ಸೀಮೆಯಲ್ಲಿದೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬ ಕಲಾವಿದರು 2006ರಲ್ಲಿ ‘ಪ್ಲೇಸ್–ಹಂಪಿ’ ಎಂಬ ಕೃತಿ ಮಾಡಿದರು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಹಂಪಿಯ ಸ್ಮಾರಕಗಳ ನಡುವೆ ನಿಂತು ಸುತ್ತಲೂ ತೆಗೆದ ಚಿತ್ರಗಳು ಅದರ ಬಂಡವಾಳ. ದುಂಡನೆಯ ದೊಡ್ಡ ಪರದೆಯ ನಡುವೆ ತಿರುಗುವ ಕಟ್ಟೆಯೊಂದಿದೆ. ಅದರ ಮೇಲೆ ನಿಂತು, ಕನ್ನಡಕ ಹಾಕಿ, ಯಾವ ಕಡೆ ತಿರುಗಬೇಕು, ಯಾವ ಮಂಟಪದೊಳಗೆ ಹೋಗಬೇಕು ಎಂದು ನೋಡುವವರೇ ನಿರ್ಧರಿಸುತ್ತಾರೆ. ಕೆಲವೆಡೆ ಕಲ್ಲಿನ ನಡುವಿನಿಂದ ದೇವತೆಗಳ ಅನಿಮೇಶನ್ ಮೈದಳೆಯುತ್ತದೆ. ಹೊರದೇಶಗಳಲ್ಲಿ ಪ್ರದರ್ಶನಗೊಂಡ ಈ ಕೃತಿಗೆ 2012ರಲ್ಲಿ ತೋರಣಗಲ್ಲಿನ ‘ಕಲಾಧಾಮ’ದಲ್ಲಿ ಕಾಯಂ ನೆಲೆ ಸಿಕ್ಕಿತು. ಹಂಪಿಯ ಕೃತಿ ಹಂಪಿಯ ನೆರೆಗೇ ಬಂದು ನಿಂತಿತು.

ಬೆಂಗಳೂರಿನ ಕಿರಣ್ ಸುಬ್ಬಯ್ಯ 2000ದ ಆಸುಪಾಸಿನಲ್ಲೇ ಜಾಲತಾಣವನ್ನು ಕಲಾಕೃತಿಯಾಗಿ ಬಳಸಿದವರು. ಆಗ ನಮ್ಮಲ್ಲಿ ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಇ-ಮೇಲ್ ನೋಡುತ್ತಿದ್ದ ಕಾಲ. ಬೆಂಗಳೂರಿನವರೇ ಆದ ರಾಘವ ಕೆ.ಕೆ. 2011ರಲ್ಲಿ ಐಪ್ಯಾಡಿಗಾಗಿ ‘ಪಾಪ್-ಇಟ್’ ಎಂಬ ಮಕ್ಕಳ ಪುಸ್ತಕ ಮಾಡಿದರು. ಅದನ್ನು ಹಿಡಿದು ಅಲ್ಲಾಡಿಸಿದರೆ ಕಥೆಯಲ್ಲಿನ ಅಪ್ಪ–ಅಮ್ಮ ಇಬ್ಬರು ಅಪ್ಪಂದಿರಾಗುತ್ತಾರೆ. ಮತ್ತೆ ಅಲ್ಲಾಡಿಸಿದರೆ ಇಬ್ಬರು ಅಮ್ಮಂದಿರು. ಮಗುವಿನ ಮೇಲಿನ ಅಕ್ಕರೆ ಮಾತ್ರ ಬದಲಾಗದು. ಹೇಳಬೇಕಾದ ಮಾತನ್ನು ಕೈಯ ಕುಲುಕಿಗೆ ಕಟ್ಟಿದ ಈ ಸರಳತೆ ಬಹಳ ದೊಡ್ಡದು.

ಎಲ್ಲಕ್ಕಿಂತ ಹೆಚ್ಚು ಮಾತಾಡಬೇಕಾದದ್ದು ಆಫ್ರಾ ಶಫೀಕ್ ಅವರ ಬಗ್ಗೆ. ಬೆಂಗಳೂರಿನಲ್ಲಿ ಹುಟ್ಟಿ ಗೋವಾದಲ್ಲಿ ನೆಲೆಸಿರುವ ಈ ಕಲಾವಿದೆ ಹಳೆಯ ದಾಖಲೆಗಳನ್ನು ಆಟದ ಜಾಗವಾಗಿ ಮಾರ್ಪಡಿಸುತ್ತಾರೆ. 2017ರ ‘ಸುಲ್ತಾನಾಸ್ ರಿಯಾಲಿಟಿ’ಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ನೆರವಿತ್ತು. ಬಂಗಾಳದ ರುಕೈಯಾ ಹುಸೇನ್ 1905ರಲ್ಲಿ ಬರೆದ, ಹೆಂಗಸರೇ ಆಳುವ ನಾಡಿನ ಕಥೆ ಅದರ ಹಿನ್ನೆಲೆ. ಕೋಲ್ಕತ್ತದ ದಾಖಲಾಗಾರದಲ್ಲಿ ಸಿಕ್ಕ ಹಳೆಯ ಅಚ್ಚಿನ ಚಿತ್ರಗಳಲ್ಲಿನ ಹೆಂಗಸರು, ಅಕ್ಷರ ಕಲಿತ ಮೊದಲ ತಲೆಮಾರಿನವರು, ಇಲ್ಲಿ ಅಲುಗಾಡುತ್ತಾರೆ, ಮಾತಾಡುತ್ತಾರೆ. ಯಾವ ಬಾಗಿಲು ತೆರೆಯಬೇಕೆಂದು ಓದುವವರೇ ಒತ್ತಿ ನೋಡಬೇಕು. ‘ನೋಬಡಿ ನೋಸ್ ಫಾರ್ ಸರ್ಟನ್’ ಎಂಬ ಇನ್ನೊಂದು ಕೃತಿ ಸೋವಿಯತ್ ಕಾಲದ ಮಕ್ಕಳ ಪುಸ್ತಕಗಳ ಜಾಡು ಹಿಡಿಯುತ್ತದೆ. ಇದು ಕನ್ನಡಿಗರಿಗೆ ಹತ್ತಿರದ ನೆನಪು. ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ನುಣುಪು ಹಾಳೆಯ ಆ ರಷ್ಯನ್ ಪುಸ್ತಕಗಳನ್ನು ಓದಿ ಬೆಳೆದವರು ಈಗ ಐವತ್ತು ದಾಟಿದ್ದಾರೆ. ಅವರ ಬಾಲ್ಯದ ಒಂದು ಮೂಲೆ ಈಗ ಆಟದೊಳಗಿದೆ.

2022ರ ಡಿಸೆಂಬರ್‌ನಲ್ಲಿ ಶುರುವಾದ ಕೊಚ್ಚಿ–ಮುಝಿರಿಸ್ ಬಿನಾಲೆಯಲ್ಲಿ ಆಫ್ರಾ ಒಂದು ದೊಡ್ಡ ಹುತ್ತ ಕಟ್ಟಿದರು. ‘ಇರುವೆಗಳು ಎಲ್ಲಿಗೆ ಹೋಗುತ್ತವೆ’ ಎಂಬ ಅರ್ಥದ ಇಂಗ್ಲಿಷ್ ಹೆಸರು ಅದಕ್ಕೆ. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಎಲ್ಲವೂ ಚೌಕ ಇಟ್ಟಿಗೆಗಳಿಂದ ಆದದ್ದಲ್ಲವೇ, ಅದೇ ಆಟದಿಂದ ಎತ್ತಿ ತಂದಿಟ್ಟಂಥ ಹುತ್ತ. ಒಳಗೆ ಪರದೆಯಲ್ಲಿ ಇರುವೆಗಳ ಸಂಸಾರ. ಬಂದವರು ಅದರೊಡನೆ ಒಡನಾಡಬಹುದು. ಪರದೆಯೊಳಗಿನ ಜಾಗ ಹೊರಬಂದು ನೆಲದ ಮೇಲೆ ನಿಂತಿತು, ಜನ ಅದರೊಳಕ್ಕೆ ಹೋದರು. ಹುತ್ತಕ್ಕೆ ಹಾಲೆರೆಯುವ ನಾಡಿನವರಿಗೆ, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದ ಅರಳಿ ಕಟ್ಟೆಯ ಸುತ್ತ ಸಾಲು ಸಾಲು ನಾಗರಕಲ್ಲು ಕಂಡವರಿಗೆ, ಈ ಹುತ್ತ ಮಾತಾಡಿದಷ್ಟು ಬೇರೆಯವರಿಗೆ ಮಾತಾಡಲಾರದು. ನೆಲದಡಿಯಲ್ಲಿ ನಮಗೆ ಕಾಣದ ಒಂದು ವ್ಯವಸ್ಥೆ ಇದೆ, ಅದರ ಮೇಲೆ ನಾವು ಕಾಲಿಟ್ಟು ನಡೆಯುತ್ತಿದ್ದೇವೆ ಎಂಬ ಅರಿವು ಎರಡರಲ್ಲೂ ಒಂದೇ.

ಆಟದ ಮೂಲಕ ನೋವನ್ನು ಹೇಳಿದವರೂ ಇದ್ದಾರೆ. ಕೋಲ್ಕತ್ತದ ಕಲಾವಿದೆ ಲೀನಾ ಕೇಜ್ರಿವಾಲ್ ನಾಪತ್ತೆಯಾಗುವ ಹೆಣ್ಣುಮಕ್ಕಳ ಕಪ್ಪು ನೆರಳಾಕೃತಿಗಳನ್ನು ಊರ ಬಯಲುಗಳಲ್ಲಿ ನಿಲ್ಲಿಸುತ್ತಿದ್ದರು. 2016ರಲ್ಲಿ ಅದೇ ಕೆಲಸ ‘ಮಿಸ್ಸಿಂಗ್’ ಎಂಬ ಮೊಬೈಲ್ ಆಟವಾಯಿತು. ಆಡುವವರು ಸಾಗಣೆಗೆ ಸಿಕ್ಕ ಹುಡುಗಿಯ ಜಾಗದಲ್ಲಿ ನಿಂತು ತಪ್ಪಿಸಿಕೊಳ್ಳುವ ದಾರಿ ಹುಡುಕಬೇಕು. ಗೋಡೆಗೆ ತೂಗುಹಾಕಿದ ಚಿತ್ರದ ಎದುರು ‘ಅಯ್ಯೋ ಪಾಪ’ ಎಂದು ಮುಂದೆ ಹೋಗಬಹುದು. ಇಲ್ಲಿ ತಪ್ಪು ಬಾಗಿಲು ಒತ್ತಿದ ಬೆರಳು ನಮ್ಮದೇ.

ಮ್ಯೂಸಿಯಂಗಳು ಈ ಕಲೆಗೆ ಬಾಗಿಲು ತೆರೆದು ಬಹಳ ಕಾಲವಾಗಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2012ರ ನವೆಂಬರ್‌ನಲ್ಲಿ 14 ವಿಡಿಯೊ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಪ್ಯಾಕ್‌ಮ್ಯಾನ್, ಟೆಟ್ರಿಸ್ ಅದರಲ್ಲಿದ್ದವು. ಪಿಕಾಸೊನ ಸೂರಿನಡಿ ಪ್ಯಾಕ್‌ಮ್ಯಾನ್ ಏಕೆ ಎಂದು ತಕರಾರು ಎದ್ದದ್ದೂ ಉಂಟು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ ಎಂ.ಎಫ್. ಹುಸೇನ್ ಅವರ ಡಿಜಿಟಲ್ ರೂಪವನ್ನು ಮಾಡಿಸಿತು. ಬಂದವರು ಕೇಳಿದ ಪ್ರಶ್ನೆಗೆ ಅದು ಉತ್ತರಿಸುತ್ತದೆ. ಕಲೆ, ವಿಜ್ಞಾನ ಎರಡನ್ನೂ ಬೆಸೆಯುವ ಸೈನ್ಸ್ ಗ್ಯಾಲರಿ 2024ರ ಜನವರಿಯಲ್ಲಿ ಬಳ್ಳಾರಿ ರಸ್ತೆಯಲ್ಲಿ ಆರಂಭವಾಯಿತು. 1996ರಲ್ಲಿ ಹುಟ್ಟಿದ ಸೃಷ್ಟಿ ಕಲಾ–ವಿನ್ಯಾಸ ಸಂಸ್ಥೆ ಯಲಹಂಕದಲ್ಲಿದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವವರು ದಿನವೂ ಹಾಯುವ ದಾರಿ ಇದು.

ಒಂದು ಆತಂಕವನ್ನೂ ಹೇಳಬೇಕು. ಅಜ್ಜ ಕೆತ್ತಿದ ತೊಗಲು ಗೊಂಬೆಯನ್ನು ಮೊಮ್ಮಗ ಇಂದೂ ದೀಪದ ಮುಂದೆ ಹಿಡಿಯಬಲ್ಲ. ಹದಿನೈದು ವರ್ಷದ ಹಿಂದಿನ ಡಿಜಿಟಲ್ ಕೃತಿಯನ್ನು ಇಂದು ತೆರೆಯುವುದೇ ಕಷ್ಟ. ಲಕ್ಷಾಂತರ ಜನರ ಪುಟಗಳಿದ್ದ ಜಿಯೊಸಿಟೀಸ್ ತಾಣ 2009ರಲ್ಲಿ ಮುಚ್ಚಿತು. ಒಂದು ಕಾಲದಲ್ಲಿ ಜಾಲದ ಆಟ, ಅನಿಮೇಶನ್‌ಗಳಿಗೆಲ್ಲ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ 2020ರ ಡಿಸೆಂಬರ್ 31ಕ್ಕೆ ಕಂಪನಿಯೇ ವಿದಾಯ ಹೇಳಿತು. ಅದರಲ್ಲಿ ಮಾಡಿದ ಕೃತಿಗಳು ಅನಾಥವಾದವು. ಇವನ್ನು ಕಾಪಾಡುವ ಕೆಲಸ ಓಲೆಗರಿ ಕಾಪಾಡುವಷ್ಟೇ ತಾಳ್ಮೆ ಬೇಡುತ್ತದೆ.

ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ಕಾಲೇಜು ಹುಡುಗರು ಮೊಬೈಲ್ ಅಡ್ಡ ಹಿಡಿದು ಕೂತಿರುತ್ತಾರೆ. ಎರಡು ಹೆಬ್ಬೆರಳು ಗಾಜಿನ ಮೇಲೆ ಓಡುತ್ತಿರುತ್ತವೆ, ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗಿದ್ದೂ ಕಿವಿಗೆ ಬೀಳುವುದಿಲ್ಲ. ಮನೆಯವರ ಭಯ ಸುಳ್ಳಲ್ಲ. ಹಣ ಕಟ್ಟಿ ಆಡುವ ಆಟಗಳು ಎಷ್ಟೋ ಮನೆ ಮುರಿದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್, ಶೈಕ್ಷಣಿಕ ಆಟಗಳನ್ನು ಬೇರೆಯಾಗಿಟ್ಟು ನೋಡಿದೆ. ಜೂಜನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಈ ವಿವೇಕ ಮನೆಗಳಿಗೂ ಬೇಕು.

ನಿಜವಾದ ಕೊರತೆ ಬೇರೆ ಇದೆ. ಹುಡುಗರ ಕೈಯಲ್ಲಿ ಕಡ್ಡಿ ಇದೆ, ಗೊಂಬೆ ಮಾತ್ರ ಬೇರೆಯವರದು. ಅವರು ಓಡಾಡುವ ಬೆಟ್ಟ, ಊರು, ಬೀದಿ ಯಾವುದೂ ಇಲ್ಲಿಯದಲ್ಲ. ದುಡಿಮೆ ಇಲ್ಲಿಯದೇ ಆಗಿತ್ತು ಎಂಬುದನ್ನು ಮರೆಯಬಾರದು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್‌ನ ಕಲಾವಿದರು ಫೋರ್ಜಾದಂಥ ಜಗತ್ಪ್ರಸಿದ್ಧ ಕಾರ್ ಆಟಗಳಿಗೆ ಕೆಲಸ ಮಾಡಿಕೊಟ್ಟರು. ಆ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡಿತು. ಕೈಚಳಕ ನಮ್ಮವರದು, ಕಥೆ ಬೇರೆಯವರದು.

ನಮ್ಮ ಕಥೆಗಳಿಗೆ ಬರವಿದೆಯೇ? 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿತು. ಅಲ್ಲಿನ ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ಆ ಮಧ್ಯಾಹ್ನ ಅರಳಿ ಮರದಡಿ ನಿಂತ ಒಬ್ಬ ಹಳ್ಳಿಗನ ಕಣ್ಣಿನಿಂದ ಅದನ್ನೆಲ್ಲ ನಡೆದು ನೋಡುವಂಥ ಆಟವನ್ನು ಗೌರಿಬಿದನೂರಿನ ಹುಡುಗಿಯೊಬ್ಬಳು ಮಾಡಬಹುದು. ಬಳೆ ಮಾರುತ್ತಿದ್ದ ನಾರೇಯಣಪ್ಪ ಕೈವಾರದ ತಾತಯ್ಯನಾದ ಕಥೆ, ಹುಳು ಗೂಡು ಕಟ್ಟುವ ರಾತ್ರಿ ಶಿಡ್ಲಘಟ್ಟದ ರೈತನ ಮನೆ ನಿದ್ದೆಗೆಡುವ ಕಥೆ, ಎಲ್ಲಕ್ಕೂ ಆಟದೊಳಗೆ ಜಾಗ ಇದೆ. ಇದಕ್ಕೆ ಕೋಟಿ ರೂಪಾಯಿ ಬೇಡ. ಬ್ಲೆಂಡರ್, ಗೊಡೊ ತಂತ್ರಾಂಶಗಳು ಉಚಿತ. ಟ್ವೈನ್ ಎಂಬ ಇನ್ನೊಂದರಲ್ಲಿ ಕನ್ನಡದಲ್ಲೇ ಬರೆದು, ಓದುವವರು ದಾರಿ ಆರಿಸಿಕೊಳ್ಳುವ ಕಥೆಯನ್ನು ಒಂದು ವಾರದಲ್ಲಿ ಕಟ್ಟಬಹುದು.

 ಹಳ್ಳಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ. ಅವುಗಳ ಹೊಣೆ ಹೊತ್ತವರಲ್ಲಿ ಒಂದು ಕೋರಿಕೆ. ಮುಂದಿನ ಬೇಸಿಗೆ ರಜೆಯಲ್ಲಿ ಒಂದು ಸಂಜೆಗೆ ನಿಮ್ಮಲಕುಂಟದಿಂದಲೋ ಮೊರನಾಳದಿಂದಲೋ ತೊಗಲು ಗೊಂಬೆಯವರನ್ನು ಕರೆಸಿ, ಮಕ್ಕಳನ್ನು ಪರದೆಯ ಹಿಂದೆ ಕೂರಿಸಿ. ಮಾರನೆಯ ದಿನ ಅದೇ ಮಕ್ಕಳಿಗೆ ಕಂಪ್ಯೂಟರ್ ಬಿಟ್ಟುಕೊಟ್ಟು, ತಮ್ಮೂರಿನ ಒಂದು ಬೀದಿಯನ್ನು ಆಟವಾಗಿ ಕಟ್ಟಲು ಹೇಳಿ.